ಕಾರು ನೆಗ್ಗಿದರೆ ಎಲ್ಲಿಗೆ ಹೋಗಬೇಕು? ಪಿಡಿಆರ್, ಟಿಂಕರಿಂಗ್, ಸರ್ವೀಸ್ ಸೆಂಟರ್, ಕ್ಲೇಮ್: ಒಂದು ಹೋಲಿಕೆ

ಬೆಂಗಳೂರಲ್ಲಿ ಕಾರು ಇಟ್ಟುಕೊಂಡವರಿಗೆ ನೆಗ್ಗು ಹೊಸದಲ್ಲ. ಸಿಗ್ನಲ್ಲಲ್ಲಿ ಸಂದಿಗೆ ನುಗ್ಗಿದ ಸ್ಕೂಟರಿನ ಹ್ಯಾಂಡಲ್ ಬಾಗಿಲಿಗೆ ತಾಗುತ್ತದೆ. ಬೇಸ್‌ಮೆಂಟಿನ ಕಂಬ ರಿವರ್ಸ್ ತೆಗೆಯುವಾಗ ಹಿಂದಿನ ಬಾಗಿಲನ್ನು ಒತ್ತಿಬಿಡುತ್ತದೆ. ಹಬ್ಬಕ್ಕೆ ಊರಿಗೆ ಹೋದರೆ ತೆಂಗಿನಮರದ ಕೆಳಗೆ ನಿಲ್ಲಿಸಿದ ತಪ್ಪಿಗೆ ಬಾನೆಟ್ ಮೇಲೆ ಕಾಯಿ ಬೀಳುತ್ತದೆ. ಆಮೇಲೆ ಸಲಹೆಗಳ ಸುರಿಮಳೆ. "ಕ್ಲೇಮ್ ಮಾಡಿಬಿಡಿ ಸಾರ್" ಅಂತ ಒಬ್ಬರು. "ನಮ್ಮ ಟಿಂಕರ್ ಹತ್ರ ಹೋಗಿ, ಒಂದೇ ದಿನದಲ್ಲಿ ಮಾಡಿ ಕೊಡ್ತಾನೆ" ಅಂತ ಇನ್ನೊಬ್ಬರು. "ಬಿಸಿನೀರು ಹಾಕಿ, ತಾನಾಗೇ ಬರುತ್ತೆ" ಅಂತ ಮೊಬೈಲಿನ ವಿಡಿಯೋ. ಮೂರೂ ಒಂದೊಂದು ಕಡೆ ಸರಿಯೇ. ತಪ್ಪು ಜಾಗಕ್ಕೆ ಬಳಸಿದರೆ ಮಾತ್ರ ದುಡ್ಡು ದಂಡ.

ಎಲ್ಲರೂ ಮೊದಲು ನೋಡುವುದು ನೆಗ್ಗು ಎಷ್ಟು ದೊಡ್ಡದು ಅಂತ. ನಾನು ಮೊದಲು ನೋಡುವುದು ಬಣ್ಣವನ್ನು. ಬಣ್ಣ ಒಡೆಯದ ತಟ್ಟೆಯಗಲದ ನೆಗ್ಗು ಒಂದು ಮಧ್ಯಾಹ್ನದ ಕೆಲಸ ಆಗಿರಬಹುದು. ಬಣ್ಣ ಎದ್ದ ಹುಣಸೆಬೀಜದಷ್ಟು ನೆಗ್ಗಿಗೆ ಇಡೀ ಬಾಗಿಲಿಗೆ ಬಣ್ಣ ಹೊಡೆಸಬೇಕಾಗಿ ಬರಬಹುದು. ಖರ್ಚು ನಿಂತಿರುವುದು ಅಲ್ಲಿ.

ಬಣ್ಣ ಒಡೆದಿದೆಯಾ, ಇಲ್ವಾ?

ಇಷ್ಟೊಂದು ಯಾಕೆ ಬಣ್ಣದ ಜಪ ಅಂದರೆ, ಫ್ಯಾಕ್ಟರಿಯ ಬಣ್ಣ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ. ಅಲ್ಲಿ ಸೀಟು, ವೈರು, ಗ್ಲಾಸು ಏನೂ ಇಲ್ಲದ ಬರೀ ಬಾಡಿಯನ್ನು ಪ್ರೈಮರ್ (ಬಣ್ಣದ ಕೆಳಗಿನ ತಳಕೋಟ್) ತೊಟ್ಟಿಯಲ್ಲಿ ಪೂರ್ತಿ ಮುಳುಗಿಸುತ್ತಾರೆ. ಕರೆಂಟ್ ಹಾಯಿಸಿ ಒಳಗಿನ ಸಂದುಗೊಂದಿಗೂ ಪ್ರೈಮರ್ ಅಂಟಿಸುತ್ತಾರೆ. ಆಮೇಲೆ 150 ಡಿಗ್ರಿ ದಾಟಿದ ಶಾಖದಲ್ಲಿ ಅದನ್ನು ಬೇಯಿಸುತ್ತಾರೆ. ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಹೊಳಪಿನ ಕ್ಲಿಯರ್ ಕೋಟ್. ಎಲ್ಲ ಸೇರಿ ದಪ್ಪ ಸುಮಾರು 100ರಿಂದ 150 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಜೋಡಿಸಿದ ಕಾರನ್ನು ಹಾಗೆ ಬೇಯಿಸೋಕೆ ಆಗಲ್ಲ. ಪ್ಲಾಸ್ಟಿಕ್ಕು, ರಬ್ಬರು, ವೈರಿಂಗು ಎಲ್ಲ ಕರಗಿಹೋಗುತ್ತವೆ. ಹಾಗಾಗಿ ಎಷ್ಟೇ ದೊಡ್ಡ ಬಾಡಿಶಾಪ್ ಆದರೂ ಬಣ್ಣ ಹೊಡೆಯುವ ಬೂತಿನ ಶಾಖ 60 ಡಿಗ್ರಿ ಆಸುಪಾಸಿನಲ್ಲೇ ಇರುತ್ತದೆ.

ನೋಡುವ ರೀತಿ ಹೀಗೆ. ಆ ಜಾಗ ತೊಳೆದು ಒಣಗಿಸಿ. ಕಾರನ್ನು ಟ್ಯೂಬ್‌ಲೈಟ್ ಇರುವ ಕಡೆ ನಿಲ್ಲಿಸಿ. ನೆಗ್ಗಿನ ನೇರಕ್ಕೆ ನಿಂತು ನೋಡಬೇಡಿ, ಪಕ್ಕದಿಂದ ಓರೆಯಾಗಿ ನೋಡಿ. ಬಣ್ಣದ ಮೇಲೆ ಬಿದ್ದ ಟ್ಯೂಬ್‌ಲೈಟಿನ ಗೆರೆ ಎಲ್ಲಿ ಸೊಟ್ಟಗಾಗುತ್ತದೋ ಅಲ್ಲಿಂದ ಅಲ್ಲಿಗೆ ನೆಗ್ಗು. ಕಣ್ಣಿಗೆ ಮೊದಲು ಕಂಡದ್ದಕ್ಕಿಂತ ಅದು ಯಾವಾಗಲೂ ದೊಡ್ಡದಾಗಿಯೇ ಇರುತ್ತದೆ. ಈಗ ಉಗುರನ್ನು ನಿಧಾನವಾಗಿ ಓಡಿಸಿ. ಉಗುರು ಸಿಕ್ಕಿಕೊಂಡರೆ ಗೀರು ಕ್ಲಿಯರ್ ಕೋಟ್ ದಾಟಿದೆ ಅಂತಲೇ ಇಟ್ಟುಕೊಳ್ಳಿ. ಬೂದಿಬಣ್ಣ ಕಂಡರೆ ಪ್ರೈಮರ್, ಬೆಳ್ಳಗೆ ಮಿಂಚಿದರೆ ತಗಡು. ನೆಗ್ಗಿನ ಮಧ್ಯೆ ಕೂದಲೆಳೆಯಂಥ ಬಿರುಕುಗಳಿದ್ದರೂ ಬಣ್ಣ ಹೋದಂತೆಯೇ ಲೆಕ್ಕ.

ಒಂದು ಸಮಾಧಾನದ ವಿಷಯವೂ ಇದೆ. ಗೀರಿನಂತೆ ಕಾಣುವ ಎಷ್ಟೋ ಗುರುತು ನಿಮ್ಮ ಕಾರಿನ ಗಾಯವಲ್ಲ, ಇನ್ನೊಂದು ಗಾಡಿಯ ಅಥವಾ ಕಂಬದ ಬಣ್ಣ ಅಂಟಿಕೊಂಡದ್ದು. ರಬ್ಬಿಂಗ್ ಕಾಂಪೌಂಡ್ ಹಾಕಿ ಮೆತ್ತಗಿನ ಬಟ್ಟೆಯಲ್ಲಿ ಉಜ್ಜಿದರೆ ಹೋಗುತ್ತದೆ. ಅದನ್ನು ಉಜ್ಜಿ ನೋಡದೆ ಯಾರಿಗೂ ರೇಟು ಕೇಳಬೇಡಿ. ಕ್ಲೇಮ್ ಮಾಡುವ ಯೋಚನೆ ಇದ್ದರೆ ಮಾತ್ರ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ.

ಬಣ್ಣ ಗಟ್ಟಿಯಾಗಿದ್ದರೆ ಪಿಡಿಆರ್

ಬಣ್ಣ ಹೊಡೆಯದೆ ನೆಗ್ಗು ಎತ್ತುವ ಕೆಲಸಕ್ಕೆ ಪಿಡಿಆರ್ (ಪೇಂಟ್‌ಲೆಸ್ ಡೆಂಟ್ ರಿಪೇರಿ) ಅಂತಾರೆ. ಗುಂಡಿ ತುಂಬುವ ಪುಟ್ಟಿ ಇಲ್ಲ, ಸ್ಪ್ರೇ ಇಲ್ಲ. ಈಗ ಬೆಂಗಳೂರು, ಮೈಸೂರು, ಮಂಗಳೂರು ಎಲ್ಲ ಕಡೆ ಮಾಡುವವರು ಸಿಗುತ್ತಾರೆ. ಮನೆಗೇ ಬಂದು ಮಾಡಿಕೊಡುವವರೂ ಇದ್ದಾರೆ.

ಒಬ್ಬ ಒಳ್ಳೆ ಕೆಲಸಗಾರ ಕೆಲಸ ಮಾಡುವುದನ್ನು ಒಮ್ಮೆ ಪಕ್ಕದಲ್ಲಿ ನಿಂತು ನೋಡಿ. ಅವನು ಮೊದಲು ಗೆರೆಗೆರೆಯ ಲೈಟು ಬೋರ್ಡನ್ನು ಬಾಗಿಲಿನ ಎದುರು ನಿಲ್ಲಿಸುತ್ತಾನೆ. ಬಾಗಿಲಿನ ಗ್ಲಾಸು ಇಳಿಸಿ, ಬೀಡಿಂಗ್ (ಗ್ಲಾಸಿನ ರಬ್ಬರ್ ಪಟ್ಟಿ) ಪಕ್ಕದ ಸಂದಿಯಿಂದ ಉದ್ದನೆಯ ಕಬ್ಬಿಣದ ರಾಡನ್ನು ಒಳಗೆ ಬಿಡುತ್ತಾನೆ. ರಾಡಿನ ತುದಿ ಎಲ್ಲಿದೆ ಅಂತ ಹೊರಗಿನಿಂದ ಕಾಣುವುದಿಲ್ಲ. ಆದರೆ ಸ್ವಲ್ಪ ಒತ್ತಿದ ಕೂಡಲೇ ಬಣ್ಣದ ಮೇಲಿನ ಬೆಳಕಿನ ಗೆರೆ ಒಂದು ಕಡೆ ನಡುಗುತ್ತದೆ. ಅವನ ಕಣ್ಣು ಆ ಗೆರೆಯ ಮೇಲೇ. ನೆಗ್ಗಿನ ಆಳಕ್ಕೆ ನೇರ ಕೈ ಹಾಕುವುದಿಲ್ಲ. ಅಂಚಿನಿಂದ ಶುರು ಮಾಡಿ, ಸುತ್ತಿಕೊಂಡು, ಚಿಕ್ಕ ಚಿಕ್ಕ ಒತ್ತು ಕೊಟ್ಟು ಒಳಕ್ಕೆ ಬರುತ್ತಾನೆ. ಒಂದು ಕಡೆ ಜಾಸ್ತಿ ಎದ್ದರೆ ಪ್ಲಾಸ್ಟಿಕ್ ಮೊಳೆಯಂಥದ್ದನ್ನು ಇಟ್ಟು ಮೇಲಿನಿಂದ ಟಕ್ ಅಂತ ತಟ್ಟುತ್ತಾನೆ. ರಾಡು ಹೋಗದ ಜಾಗವಾದರೆ ಬಿಸಿ ಗಮ್ಮಿನಲ್ಲಿ ಪ್ಲಾಸ್ಟಿಕ್ ಗುಂಡಿ ಅಂಟಿಸಿ ಹೊರಗಿನಿಂದ ಎಳೆಯುತ್ತಾನೆ. ಸ್ಪಿರಿಟ್ ಹಾಕಿದರೆ ಗಮ್ಮು ಬಿಟ್ಟುಕೊಳ್ಳುತ್ತದೆ.

ಇದು ಆಗುವುದು ಬಣ್ಣ ಹಿಡಿದುಕೊಂಡಿದ್ದಾಗ ಮಾತ್ರ. ತಗಡು ಮಡಚಿದಂತೆ ಚೂಪಾಗಿ ಮುರಿದಿರಬಾರದು. ಬಾಗಿಲಿನ ಮೇಲೆ ಉದ್ದಕ್ಕೂ ಹೋಗುವ ಗೆರೆ ಇದೆಯಲ್ಲ, ಅದರ ಮೇಲೆಯೇ ಬಿದ್ದ ನೆಗ್ಗು ಕಷ್ಟ. ಬಾಗಿಲಿನ ಅಂಚು, ಚಕ್ರದ ಮೇಲಿನ ಕಮಾನು, ಎರಡು ಪದರ ತಗಡು ಇರುವ ಜಾಗ ಇವೂ ಕಷ್ಟ. ರೂಫಿಗೆ ಒಳಗಿನ ಬಟ್ಟೆ ಇಳಿಸಬೇಕು. ಮುಖ್ಯವಾಗಿ, ಆ ಪ್ಯಾನೆಲ್ಲಿಗೆ ಮೊದಲೇ ಪುಟ್ಟಿ ಹಾಕಿ ಬಣ್ಣ ಹೊಡೆದಿದ್ದರೆ ಹುಷಾರು. ಎಳೆಯುವಾಗ ಗುಂಡಿಯ ಜೊತೆ ಬಣ್ಣವೂ ಕಿತ್ತು ಬರಬಹುದು. ಸೆಕೆಂಡ್ ಹ್ಯಾಂಡ್ ಕಾರು ತಗೊಂಡವರು ಇದನ್ನು ಕೆಲಸಗಾರನಿಗೆ ಮೊದಲೇ ಹೇಳಿಬಿಡಿ.

ಅಲ್ಯುಮಿನಿಯಂ ಪ್ಯಾನೆಲ್ ಇರುವ ಕಾರುಗಳದ್ದು ಬೇರೆ ಕತೆ. ಜಾಗ್ವಾರ್, ಲ್ಯಾಂಡ್ ರೋವರ್ ಥರದ ಗಾಡಿಗಳಲ್ಲಿ ಇದು ಜಾಸ್ತಿ. ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತ ಅಂಟದಿದ್ದರೆ ಅದು ಕಬ್ಬಿಣವಲ್ಲ ಅಂತ ಅರ್ಥ. ಅಲ್ಯುಮಿನಿಯಂ ಸುಲಭಕ್ಕೆ ಮಾತು ಕೇಳಲ್ಲ. ಬೇಗ ಬಿರುಕು ಬಿಡುತ್ತದೆ. ಅಲ್ಲಿ ಅನುಭವ ಇರುವವರೇ ಬೇಕು, ರೇಟೂ ಅದಕ್ಕೆ ತಕ್ಕಂತೆ.

ದುಡ್ಡಿನ ಲೆಕ್ಕ: ಸಾಮಾನ್ಯ ಕಾರಿನ ಕೈಯಗಲದ ನೆಗ್ಗಿಗೆ ಸಾವಿರದಿಂದ ಮೂರು ನಾಲ್ಕು ಸಾವಿರದವರೆಗೆ ಕೇಳುತ್ತಾರೆ. ಪೇಂಟಿಂಗಿಗಿಂತ ಅಂಥ ಅಗ್ಗವೇನೂ ಆಗದಿರಬಹುದು. ಆದರೂ ನಾನು ಪಿಡಿಆರ್ ಕಡೆಗೇ. ನೂರಕ್ಕೆ ತೊಂಬತ್ತರಷ್ಟು ಸರಿಯಾದರೂ ಸಾಕು, ಫ್ಯಾಕ್ಟರಿಯ ಬಣ್ಣ ಉಳಿಯಿತಲ್ವಾ! ಮಾಡುವವನು "ನೂರಕ್ಕೆ ನೂರು ಗೊತ್ತೇ ಆಗಲ್ಲ ಸಾರ್" ಅಂತ ಕಾರು ನೋಡದೆ ಫೋನಲ್ಲೇ ಹೇಳಿದರೆ ಸ್ವಲ್ಪ ಅನುಮಾನ ಇಟ್ಟುಕೊಳ್ಳಿ.

ಬಣ್ಣ ಹೋಗಿದ್ದರೆ ಟಿಂಕರಿಂಗ್

ಊರೂರಲ್ಲೂ "ಟಿಂಕರಿಂಗ್ ಅಂಡ್ ಪೇಂಟಿಂಗ್" ಬೋರ್ಡು ಇರುತ್ತದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದ ಮೇಸ್ತ್ರಿಗಳು ದಪ್ಪ ತಗಡಿನ ಮೇಲೆ ಕೈ ಪಳಗಿಸಿಕೊಂಡವರು. ಈಗಿನ ಕಾರಿನ ಹೊರತಗಡು 0.6ರಿಂದ 0.8 ಮಿಲಿಮೀಟರ್ ಅಷ್ಟೇ. ತೆಳ್ಳಗಿದ್ದರೂ ಉಕ್ಕು ಗಟ್ಟಿ ಜಾತಿಯದ್ದು. ಹಳೆ ಅಂದಾಜಿನಲ್ಲಿ ಸುತ್ತಿಗೆ ಬೀಸಿದರೆ ತಗಡು ಹಿಗ್ಗುತ್ತದೆ. ಹಿಗ್ಗಿದ ತಗಡು ಬೆರಳಲ್ಲಿ ಒತ್ತಿದರೆ ಟಪಕ್ ಅಂತ ಒಳಗೆ ಹೋಗಿ ಟಪಕ್ ಅಂತ ಹೊರಗೆ ಬರುತ್ತದೆ. ಅದನ್ನು ಕುಗ್ಗಿಸಲು ಮತ್ತೆ ಕಾಯಿಸಬೇಕು, ಒದ್ದೆಬಟ್ಟೆ ಒತ್ತಬೇಕು. ಆ ತಾಳ್ಮೆ ಇಲ್ಲದವನು ಮೇಲೆ ಪುಟ್ಟಿ ಬಳಿದು ಮುಚ್ಚುತ್ತಾನೆ.

ಸರಿಯಾದ ಕೆಲಸ ಹೇಗಿರುತ್ತದೆ ಅಂದರೆ: ಬಾಗಿಲಿನ ಒಳಗಿನ ಟ್ರಿಮ್ (ಒಳಹೊದಿಕೆ) ಬಿಚ್ಚಿ, ಒಳಗಡೆ ಡಾಲಿ ಅನ್ನುವ ಕಬ್ಬಿಣದ ಗಟ್ಟಿ ಆನಿಸಿ, ಹೊರಗಿನಿಂದ ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಸಮ ಮಾಡುತ್ತಾರೆ. ಒಳಗೆ ಕೈ ಹೋಗದ ಜಾಗದಲ್ಲಿ ಬಣ್ಣ ಕೆರೆದು, ತಗಡಿಗೆ ಸಣ್ಣ ವಾಷರ್‌ಗಳನ್ನು ಸ್ಪಾಟ್ ವೆಲ್ಡ್ ಮಾಡಿ, ಜಾರುವ ಸುತ್ತಿಗೆಯಿಂದ ಎಳೆಯುತ್ತಾರೆ. ಈಗ ಹೆಚ್ಚಿನ ಕಡೆ ಈ ಮಷೀನು ಇದೆ. ಕೆಲಸ ಬೇಗ ಆಗುತ್ತದೆ. ಆದರೆ ವೆಲ್ಡಿಂಗ್ ಬಿಸಿಗೆ ಒಳಬದಿಯ ಪ್ರೈಮರ್ ಸುಟ್ಟುಹೋಗುತ್ತದೆ. ಅಲ್ಲಿಗೆ ಮತ್ತೆ ತುಕ್ಕು ತಡೆಯುವ ಕೋಟ್ ಹೊಡೆಯದಿದ್ದರೆ ಒಂದೆರಡು ಮಳೆಗಾಲ ಕಳೆದ ಮೇಲೆ ಒಳಗಿನಿಂದ ತುಕ್ಕು ಎದ್ದು ಬಣ್ಣದ ಮೇಲೆ ಗುಳ್ಳೆ ಬರುತ್ತದೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಇನ್ನೂ ಬೇಗ. ಹಾಗಾಗಿ ನಾನು ಕೇಳುವ ಮೊದಲ ಪ್ರಶ್ನೆಯೇ "ಒಳಗಡೆಗೆ ಏನು ಹೊಡೀತೀರಿ?" ಅಂತ. ವೆಲ್ಡಿಂಗಿಗೆ ಮೊದಲು ಬ್ಯಾಟರಿ ಕಳಚುತ್ತಾರಾ ಅಂತಲೂ ಕೇಳಿ. ಈಗಿನ ಕಾರುಗಳ ತುಂಬ ಕಂಪ್ಯೂಟರು, ಸೆನ್ಸರು.

ಇನ್ನು ಪುಟ್ಟಿ. ಪುಟ್ಟಿ ಅಂದ ಕೂಡಲೇ ಬೈಯುವವರಿದ್ದಾರೆ. ಪುಟ್ಟಿ ಇಲ್ಲದೆ ಟಿಂಕರಿಂಗ್ ಇಲ್ಲ, ಅದು ಎಷ್ಟು ದಪ್ಪ ಅನ್ನುವುದಷ್ಟೇ ಪ್ರಶ್ನೆ. ಮಿಲಿಮೀಟರ್ ಎರಡು ಮಿಲಿಮೀಟರ್ ಇದ್ದರೆ ಒಪ್ಪಬಹುದು. ತಗಡನ್ನು ಎತ್ತದೆ ಗುಂಡಿಯನ್ನೇ ಪುಟ್ಟಿಯಲ್ಲಿ ತುಂಬಿದರೆ ಬಾಗಿಲು ದಬ್ ಅಂತ ಹಾಕಿ ಹಾಕಿ ಅದು ಬಿರುಕು ಬಿಡುತ್ತದೆ. ಪುಟ್ಟಿ ನೀರು ಕುಡಿಯುವ ಜಾತಿ. ನೀರು ಹಾಕಿ ಉಜ್ಜಿ, ಪೂರ್ತಿ ಒಣಗಿಸದೆ ಅದೇ ಸಂಜೆ ಬಣ್ಣ ಹೊಡೆದರೆ ಆ ತೇವ ಒಳಗೇ ಉಳಿದು ಗುಳ್ಳೆಯಾಗಿ ಏಳುತ್ತದೆ. "ಬೆಳಿಗ್ಗೆ ಕೊಡಿ, ಸಂಜೆ ತಗೊಂಡು ಹೋಗಿ" ಅನ್ನುವ ಕಡೆ ನಾನು ಕಾರು ಬಿಡಲ್ಲ. ಅದರಲ್ಲೂ ಜುಲೈ ತಿಂಗಳಲ್ಲಿ ಬಿಡಲೇಬಾರದು.

ಆದ್ದರಿಂದ ಬಣ್ಣ ಹೊಡೆಯುವ ಮುಂಚೆ ಒಮ್ಮೆ ಹೋಗಿ ನೋಡಿ ಬನ್ನಿ. ಪುಟ್ಟಿ ಹಾಕುವ ಮೊದಲು, ತಗಡು ಎತ್ತಿದ ಹಂತದಲ್ಲಿ ಹೋದರೆ ಇನ್ನೂ ಒಳ್ಳೆಯದು. ಕಣ್ಣು ಮುಚ್ಚಿ ಅಂಗೈ ಸವರಿದರೆ ಏರುತಗ್ಗು ಕಣ್ಣಿಗಿಂತ ಚೆನ್ನಾಗಿ ಗೊತ್ತಾಗುತ್ತದೆ. ಮೇಸ್ತ್ರಿ ಬೇಜಾರು ಮಾಡಿಕೊಳ್ಳಲ್ಲ. ಕೆಲಸ ಗೊತ್ತಿರುವವನಿಗೆ ನೋಡುವ ಗಿರಾಕಿ ಬಂದರೆ ಖುಷಿಯೇ.

ಬಣ್ಣದಲ್ಲಿ ಎರಡು ಜಾತಿ. ಎನ್‌ಸಿ ಪೇಂಟ್ ಅಗ್ಗ, ಗಾಳಿಗೆ ಬೇಗ ಒಣಗುತ್ತದೆ, ಬಿಸಿಲಿಗೆ ಬೇಗ ಮಂಕಾಗುತ್ತದೆ. ಹಾರ್ಡ್‌ನರ್ ಬೆರೆಸುವ ಪಿಯು ಅಥವಾ 2ಕೆ ಪೇಂಟ್ ಬಾಳಿಕೆ ಬರುತ್ತದೆ. ರೇಟಿನಲ್ಲಿ ಸಾವಿರ ರೂಪಾಯಿ ವ್ಯತ್ಯಾಸ ಬಂದರೆ ಅದು ಇಲ್ಲೇ ಇರಬಹುದು, ಆದ್ದರಿಂದ ಬಾಯಿಬಿಟ್ಟು ಕೇಳಿ. ಬರೀ ಬಿಳಿ, ಬರೀ ಕೆಂಪು ಹೊಂದಿಸುವುದು ಸುಲಭ. ಸಿಲ್ವರ್, ಗ್ರೇ ಥರದ ಮೆಟಾಲಿಕ್ ಬಣ್ಣದಲ್ಲಿ ಸ್ಪ್ರೇ ಗನ್ ಎಷ್ಟು ದೂರ ಹಿಡಿದ ಅನ್ನುವುದರ ಮೇಲೂ ಬಣ್ಣ ಬದಲಾಗುತ್ತದೆ. ಪರ್ಲ್ ಬಿಳಿ ಇನ್ನೂ ಕಷ್ಟ, ಅದಕ್ಕೆ ಮೂರು ಹಂತದ ಕೋಟ್. ಕಾರಿನ ಮೇಲಿರುವ ಕಲರ್ ಕೋಡ್ ಕೊಟ್ಟು ಮಷೀನಿನಲ್ಲಿ ಬಣ್ಣ ಬೆರೆಸಿದರೂ, ನಿಮ್ಮ ಕಾರು ಐದು ವರ್ಷ ಬಿಸಿಲು ಕಂಡಿದೆ, ಬೆರೆಸಿದ ಬಣ್ಣ ಕಂಡಿಲ್ಲ. ಅದಕ್ಕೇ ಒಳ್ಳೆ ಪೇಂಟರ್ ಪಕ್ಕದ ಪ್ಯಾನೆಲ್ಲಿಗೂ ಬಣ್ಣವನ್ನು ಸ್ವಲ್ಪ ಹರಡಿ ಕರಗಿಸುತ್ತಾನೆ. "ಪಕ್ಕದ್ದಕ್ಕೂ ಸ್ವಲ್ಪ ಬೇಕಾಗುತ್ತೆ" ಅಂದರೆ ಎಲ್ಲ ಸಲವೂ ದುಡ್ಡು ಕೀಳುವ ಮಾತಲ್ಲ.

ಬೀದಿಯ ಗ್ಯಾರೇಜಾ, ಕಂಪನಿಯ ಸರ್ವೀಸ್ ಸೆಂಟರಾ?

ಸಣ್ಣ ಕಾರಿನ ಒಂದು ಪ್ಯಾನೆಲ್ಲಿಗೆ ಹೊರಗಡೆ ಎರಡೂವರೆಯಿಂದ ನಾಲ್ಕು ಸಾವಿರ. ಅದೇ ಕಂಪನಿಯ ಬಾಡಿಶಾಪಿನಲ್ಲಿ ನಾಲ್ಕರಿಂದ ಏಳು ಸಾವಿರ, ಅದರ ಮೇಲೆ 18% ಜಿಎಸ್‌ಟಿ. ಊರು, ಕಾರಿನ ದರ್ಜೆ ನೋಡಿ ಇದು ಬದಲಾಗುತ್ತದೆ. ಜಾಸ್ತಿ ದುಡ್ಡಿಗೆ ಅಲ್ಲಿ ಸಿಗುವುದು ಮುಖ್ಯವಾಗಿ ಬೂತ್. ಮುಚ್ಚಿದ ಕೋಣೆ, ಸೋಸಿದ ಗಾಳಿ, ಸಮನಾದ ಶಾಖ. ಧೂಳು ಕೂರುವುದಿಲ್ಲ. ರಸ್ತೆ ಬದಿಯ ಶೆಡ್ಡಿನಲ್ಲಿ ಬಣ್ಣ ಹಸಿ ಇರುವಾಗ ಒಂದು ಬಸ್ಸು ಹೋದರೆ ಸಾಕು, ಕ್ಲಿಯರ್ ಕೋಟಿನಲ್ಲಿ ಸಣ್ಣ ಸಣ್ಣ ಕಾಳು. 2000 ನಂಬರಿನ ಉಪ್ಪುಕಾಗದ ಹಾಕಿ, ಪಾಲಿಶ್ ಮಾಡಿ ತೆಗೆಯುತ್ತಾರೆ, ಆದರೆ ಅಷ್ಟು ಕ್ಲಿಯರ್ ಕೋಟ್ ತೆಳ್ಳಗಾಯಿತು ಅಂತಲೇ.

ತಗಡಿನ ಕೆಲಸದಲ್ಲಿ ಮಾತ್ರ ದೊಡ್ಡ ಬೋರ್ಡು ನೋಡಿ ಮರುಳಾಗಬೇಡಿ. ಅಲ್ಲಿ ಸುತ್ತಿಗೆ ಹಿಡಿಯುವವನೂ ಇಲ್ಲಿ ಹಿಡಿಯುವವನೂ ಹೆಚ್ಚುಕಮ್ಮಿ ಒಂದೇ ಗರಡಿಯವರು. ಅಲ್ಲಿ ಗಡಿಬಿಡಿ ಜಾಸ್ತಿ, ಹಾಗಾಗಿ "ಪ್ಯಾನೆಲ್ ಚೇಂಜ್ ಮಾಡಿಬಿಡೋಣ ಸಾರ್" ಅನ್ನುವುದೂ ಜಾಸ್ತಿ. ನನ್ನ ಆಯ್ಕೆ ಹೀಗೆ: ವಾರಂಟಿಯಲ್ಲಿರುವ ಹೊಸ ಕಾರು, ಪರ್ಲ್ ಅಥವಾ ಗಾಢ ಮೆಟಾಲಿಕ್ ಬಣ್ಣ, ಕ್ಲೇಮಿನ ಕೆಲಸ, ಇವಕ್ಕೆ ಕಂಪನಿ ಬಾಡಿಶಾಪ್. ಐದಾರು ವರ್ಷದ ಬಿಳಿ ಕಾರಿನ ಒಂದು ಬಾಗಿಲಿಗೆ ಬೂತ್ ಇರುವ ಹೊರಗಿನ ಗ್ಯಾರೇಜು ಧಾರಾಳ ಸಾಕು. ಈಗ ಅಂಥ ಗ್ಯಾರೇಜುಗಳು ಸಾಕಷ್ಟಿವೆ. ಆಪ್ ಮೂಲಕ ಬುಕ್ ಮಾಡುವ ಸೇವೆಗಳಲ್ಲಿ ಕೆಲಸ ಮಾಡುವುದು ಯಾವ ಗ್ಯಾರೇಜು ಅಂತ ಮೊದಲೇ ತಿಳಿದುಕೊಂಡು, ಸಾಧ್ಯವಾದರೆ ಅಲ್ಲಿಗೆ ಹೋಗಿ ನೋಡಿ ಒಪ್ಪಿಕೊಳ್ಳಿ.

ಎಲೆಕ್ಟ್ರಿಕ್ ಕಾರಿದ್ದರೆ ಇನ್ನೊಂದು ಪ್ರಶ್ನೆ ಸೇರಿಸಿ. ಬೂತಿನ ಶಾಖಕ್ಕೆ ಬ್ಯಾಟರಿ ಎಷ್ಟು ಹೊತ್ತು ಒಡ್ಡಬಹುದು ಅಂತ ಕಂಪನಿ ಮಿತಿ ಹೇಳಿರುತ್ತದೆ. ಅದು ಗೊತ್ತಿಲ್ಲದ ಕಡೆ ಇ.ವಿ. ಬಿಡಬೇಡಿ.

ಪ್ಯಾನೆಲ್ಲನ್ನೇ ಬದಲಿಸುವುದು

ಇಲ್ಲಿ ನೋಡಬೇಕಾದ್ದು ಒಂದೇ: ಆ ಭಾಗ ಬೋಲ್ಟಿನಲ್ಲಿ ನಿಂತಿದೆಯೋ ವೆಲ್ಡಿಂಗಿನಲ್ಲೋ? ಹೆಚ್ಚಿನ ಕಾರುಗಳಲ್ಲಿ ಮುಂದಿನ ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು), ಬಾನೆಟ್, ಬಾಗಿಲು, ಡಿಕ್ಕಿ ಎಲ್ಲ ಬೋಲ್ಟು. ಬಿಚ್ಚಿ ಬೇರೆ ಹಾಕಬಹುದು. ಫೆಂಡರಿಗಂತೂ ತಗಡು ತೀರಾ ಮಡಚಿಹೋಗಿದ್ದರೆ ಬದಲಿಸುವುದೇ ಮೇಲು. ಹಿಂದಿನ ಕ್ವಾರ್ಟರ್ ಪ್ಯಾನೆಲ್ (ಹಿಂದಿನ ಚಕ್ರದ ಮೇಲಿನ ತಗಡು), ಬಾಗಿಲುಗಳ ಕೆಳಗಿನ ರನ್ನಿಂಗ್ ಬೋರ್ಡ್, ರೂಫ್, ಕಂಬಗಳು ಬಾಡಿಗೇ ವೆಲ್ಡ್ ಆಗಿರುತ್ತವೆ. ಅವನ್ನು ಬದಲಿಸುವುದು ಅಂದರೆ ಕಾರನ್ನು ಕತ್ತರಿಸುವುದು. ಬರೀ ಅಂದಕ್ಕೋಸ್ಕರ ಕತ್ತರಿಸಬೇಡಿ. ಪುಟ್ಟಿ ಸ್ವಲ್ಪ ಜಾಸ್ತಿ ಬಿದ್ದರೂ ಪರವಾಗಿಲ್ಲ, ರಿಪೇರಿಯೇ ಇರಲಿ.

ಜೆ.ಸಿ. ರಸ್ತೆಯಲ್ಲಿ ಹೊಸ ಬಾಡಿ ಪಾರ್ಟು ಸಿಗುತ್ತವೆ. ಶಿವಾಜಿನಗರದ ಗುಜರಿಯಲ್ಲಿ ಹಳೆಯವು. ಗುಜರಿಯಲ್ಲಿ ನಿಮ್ಮದೇ ಬಣ್ಣದ ಬಾಗಿಲು ಸಿಕ್ಕರೆ ಲಾಟರಿ ಹೊಡೆದಂತೆ, ಪೇಂಟಿಂಗೂ ಉಳಿಯಿತು. ಆದರೆ ಕೆಳಗಿನ ಅಂಚಿನ ತುಕ್ಕು ನೋಡಿ ತಗೊಳ್ಳಿ, ಬಾಗಿಲಿನ ತುಕ್ಕು ಹೆಚ್ಚಾಗಿ ಕೆಳಗಿನಿಂದಲೇ ಶುರು. ಡೂಪ್ಲಿಕೇಟ್ ಫೆಂಡರುಗಳು ಅಗ್ಗ, ಆದರೆ ಬಾನೆಟ್ ಪಕ್ಕದ ಸಂದು ಸರಿಯಾಗಿ ಕೂರುವುದಿಲ್ಲ. ಆ ಸಂದು ಒಂದು ಸಲ ಕಣ್ಣಿಗೆ ಬಿದ್ದರೆ ಮುಗೀತು, ದಿನಾ ಅದೇ ಕಾಣುತ್ತದೆ.

ಬಂಪರ್ ಬೇರೆಯೇ ಲೆಕ್ಕ

ಬಂಪರ್ ತಗಡಲ್ಲ, ಪ್ಲಾಸ್ಟಿಕ್. ಬಿಸಿನೀರಿನ ವಿಡಿಯೋ ನಿಜವಾಗುವುದು ಇಲ್ಲಿ ಮಾತ್ರ. ಒಳಕ್ಕೆ ಹೋದ ಬಂಪರಿನ ಮೇಲೆ ಕುದಿಯುವ ನೀರು ಸುರಿದು, ಕೈಗವಸು ಹಾಕಿಕೊಂಡು ಒಳಗಿನಿಂದ ತಳ್ಳಿದರೆ ಎಷ್ಟೋ ಸಲ ಮೊದಲಿನ ಆಕಾರಕ್ಕೆ ಬರುತ್ತದೆ. ಬಿರುಕಿದ್ದರೆ ಪ್ಲಾಸ್ಟಿಕ್ ವೆಲ್ಡಿಂಗ್ ಮಾಡಿಸಬಹುದು. ಕ್ಲಿಪ್ಪು ಕೂರುವ ಕಿವಿಗಳೇ ಮುರಿದಿದ್ದರೆ ಹೊಸದು ಹಾಕಿಸಿ. ಅಂದಹಾಗೆ, 2001ರಲ್ಲಿ ಬೆಂಗಳೂರಿನಲ್ಲೇ ತಯಾರಾಗಿ ಬಂದ ರೇವಾ ಕಾರಿನ ಇಡೀ ಹೊರಮೈ ಎಬಿಎಸ್ ಪ್ಲಾಸ್ಟಿಕ್ಕಿನದ್ದು. ನೆಗ್ಗಿನ ಕಾಟವೇ ಇರಲಿಲ್ಲ. ಟಿಂಕರುಗಳ ಪುಣ್ಯ, ಹೆಚ್ಚಿನ ಬೇರೆ ಕಂಪನಿಗಳು ಆ ದಾರಿ ಹಿಡಿಯಲಿಲ್ಲ.

ಹೊಸ ಕಾರುಗಳಲ್ಲಿ ಬಂಪರಿನ ಹಿಂದೆ ರೇಡಾರ್ ಇರಬಹುದು. ತಾನಾಗೇ ಬ್ರೇಕ್ ಹಾಕುವ, ಪಕ್ಕದ ಗಾಡಿ ತೋರಿಸುವ ಸೌಲಭ್ಯ ಇದ್ದರೆ ಆ ಜಾಗದಲ್ಲಿ ಪುಟ್ಟಿ, ದಪ್ಪ ಬಣ್ಣ ಎರಡೂ ಬೇಡ. ರೇಡಾರಿಗೆ ಕಣ್ಣು ಕಟ್ಟಿದಂತಾಗುತ್ತದೆ.

ಕ್ಲೇಮ್ ಮಾಡಬೇಕಾ?

ಜನ ಜಾಸ್ತಿ ದುಡ್ಡು ಕಳೆದುಕೊಳ್ಳುವುದು ಇಲ್ಲಿ. ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದರೆ ನಿಮ್ಮ ಕಾರಿನ ನೆಗ್ಗಿಗೆ ಅದರಿಂದ ಏನೂ ಬರುವುದಿಲ್ಲ. ನಿಮ್ಮ ಕಾರಿನ ಹಾನಿಗೂ ಕೊಡುವ ಕಾಂಪ್ರಹೆನ್ಸಿವ್ ಪಾಲಿಸಿ ಇದ್ದವರು ಮುಂದೆ ಓದಿ.

ಕ್ಲೇಮ್ ಮಾಡದೆ ವರ್ಷ ಕಳೆದರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ (ನಿಮ್ಮ ಕಾರಿನ ಹಾನಿಗಾಗಿ ಕಟ್ಟುವ ಭಾಗ) ನೋ ಕ್ಲೇಮ್ ಬೋನಸ್ ಅನ್ನುವ ರಿಯಾಯಿತಿ ಸಿಗುತ್ತದೆ. ಮೊದಲ ವರ್ಷಕ್ಕೆ 20%, ಆಮೇಲೆ 25, 35, 45, ಕೊನೆಗೆ 50%. ಒಂದು ಕ್ಲೇಮ್ ಮಾಡಿದರೆ ಸೊನ್ನೆಗೆ ಬಂದು ಮತ್ತೆ ಮೊದಲಿನಿಂದ ಹತ್ತಬೇಕು.

ಲೆಕ್ಕ ಹಾಕಿ ನೋಡೋಣ. ಬೋನಸ್ ಕಳೆಯುವ ಮೊದಲು ನಿಮ್ಮ ಓನ್ ಡ್ಯಾಮೇಜ್ ಪ್ರೀಮಿಯಂ ₹8,000, ಬೋನಸ್ 50% ಅಂತ ಇಟ್ಟುಕೊಳ್ಳಿ. ಈಗ ವರ್ಷಕ್ಕೆ ₹4,000 ಉಳಿಯುತ್ತಿದೆ. ಕ್ಲೇಮ್ ಮಾಡಿದರೆ ಮುಂದಿನ ವರ್ಷ ಆ ₹4,000 ಪೂರ್ತಿ ಹೋಯಿತು. ಅದರಾಚೆಯ ವರ್ಷ 20% ಸಿಗುತ್ತದೆ, ನಷ್ಟ ₹2,400. ಆಮೇಲೆ ₹2,000, ₹1,200, ₹400. ಎಲ್ಲ ಕೂಡಿದರೆ ₹10,000. ಕಾರು ಹಳೆಯದಾದಂತೆ ಪ್ರೀಮಿಯಂ ಇಳಿಯುವುದರಿಂದ ಸ್ವಲ್ಪ ಕಮ್ಮಿಯಾಗಬಹುದು. ಅದರ ಮೇಲೆ ಪ್ರತಿ ಕ್ಲೇಮಿಗೂ ಕಡ್ಡಾಯವಾಗಿ ನೀವು ಕೊಡಬೇಕಾದ್ದು ಇದೆ: 1500 ಸಿಸಿವರೆಗಿನ ಕಾರಿಗೆ ₹1,000, ಅದಕ್ಕಿಂತ ದೊಡ್ಡದಕ್ಕೆ ₹2,000. ಅಂದರೆ ಈ ಕಾರಿನಲ್ಲಿ ಹತ್ತು ಹನ್ನೊಂದು ಸಾವಿರದ ಒಳಗಿನ ರಿಪೇರಿಗೆ ಕ್ಲೇಮ್ ಮಾಡಿದರೆ ಇನ್ಶೂರೆನ್ಸ್ ಕಂಪನಿಗೇ ಲಾಭ. ಇನ್ನೂ ಬೋನಸ್ಸೇ ಇಲ್ಲದ ಮೊದಲ ವರ್ಷದ ಕಾರಾದರೆ ಇದೇ ಲೆಕ್ಕದಲ್ಲಿ ನಷ್ಟ ಸುಮಾರು ₹4,000. ಅಲ್ಲಿ ಆರು ಸಾವಿರದ ಕೆಲಸಕ್ಕೂ ಕ್ಲೇಮ್ ಮಾಡಬಹುದು. ನಿಮ್ಮ ಪಾಲಿಸಿ ತೆಗೆದು ನಿಮ್ಮ ಅಂಕಿಗಳನ್ನು ಹಾಕಿಕೊಳ್ಳಿ. ಬೋನಸ್ ಉಳಿಸುವ ಆಡ್-ಆನ್ ತಗೊಂಡಿದ್ದೀರಾ ಅಂತಲೂ ನೋಡಿ.

ಸವಕಳಿ ಕಡಿತ ತಪ್ಪಿಸುವ ಜೀರೋ ಡೆಪ್ ಆಡ್-ಆನ್ (ಇದನ್ನೇ ಬಂಪರ್ ಟು ಬಂಪರ್ ಅಂತಲೂ ಕರೀತಾರೆ) ಇಲ್ಲದಿದ್ದರೆ ಸವಕಳಿಯೂ ನಿಮ್ಮ ಜೇಬಿಗೆ. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಕಾರು ಹೊಸದಾದರೂ 50%. ಲೋಹದ ಭಾಗಕ್ಕೆ ಕಾರಿನ ವಯಸ್ಸಿನ ಮೇಲೆ: ನಾಲ್ಕರಿಂದ ಐದು ವರ್ಷದ ಕಾರಿಗೆ 35%, ಐದು ದಾಟಿದರೆ 40%, ಹತ್ತು ದಾಟಿದರೆ 50%. ಬಣ್ಣದ ಸಾಮಗ್ರಿಗೂ 50% ಕಡಿತ. ಜೀರೋ ಡೆಪ್ ಇದ್ದರೂ ಬೋನಸ್ ಹೋಗುವುದು ಹೋಗುತ್ತದೆ. "ಬಂಪರ್ ಟು ಬಂಪರ್ ಇದೆ, ಎಲ್ಲ ಫ್ರೀ" ಅಂತ ಕೌಂಟರಿನಲ್ಲಿ ಹೇಳುವಾಗ ಈ ಮಾತು ಬರುವುದಿಲ್ಲ.

ವರ್ಷವಿಡೀ ಬಿದ್ದ ನೆಗ್ಗುಗಳನ್ನೆಲ್ಲ ಕೂಡಿಸಿ, ರಿನ್ಯೂವಲ್ ಹತ್ತಿರ ಬಂದಾಗ ಒಂದೇ ಕ್ಲೇಮಿನಲ್ಲಿ ಮಾಡಿಸಿಕೊಡುತ್ತೇವೆ ಅನ್ನುವವರಿದ್ದಾರೆ. ಅದು ಸುಳ್ಳು ಹೇಳಿಕೆ. ಬೇರೆ ಬೇರೆ ಘಟನೆಗೆ ಬೇರೆ ಬೇರೆ ಕ್ಲೇಮ್, ತುಕ್ಕು ಹಿಡಿದ ಗೀರು ನೋಡಿದರೆ ಹಾನಿ ಪರಿಶೀಲಿಸುವ ಇನ್ಶೂರೆನ್ಸ್ ಸರ್ವೇಯರಿಗೆ ಗೊತ್ತಾಗುತ್ತದೆ. ಸಹಿ ಹಾಕುವವರು ನೀವು, ಅವರಲ್ಲ.

ನೀವೇ ಮಾಡಿಕೊಳ್ಳುವುದು, ಸುಮ್ನೆ ಬಿಡುವುದು

ಆನ್‌ಲೈನಿನಲ್ಲಿ ಸಿಗುವ ರಬ್ಬರ್ ಕಪ್ ಹಾಕಿ ಎಳೆಯುವುದು ಅಗಲವಾದ, ಆಳವಿಲ್ಲದ, ಬಾಗಿಲಿನ ಮಧ್ಯದ ನೆಗ್ಗಿಗೆ ಒಮ್ಮೊಮ್ಮೆ ಕೆಲಸ ಮಾಡುತ್ತದೆ. ಬಂದರೆ ಒಂದೆರಡು ಎಳೆತಕ್ಕೆ ಬರಬೇಕು. ಬರಲಿಲ್ಲ ಅಂತ ಎಳೆದೇ ಎಳೆದರೆ ಸುತ್ತ ಉಬ್ಬು ಏಳುತ್ತದೆ. ಆಮೇಲೆ ಪಿಡಿಆರ್‌ನವನಿಗೆ ಎರಡು ಪಟ್ಟು ಕೆಲಸ. ಹೇರ್ ಡ್ರೈಯರಿನಲ್ಲಿ ಕಾಯಿಸಿ ಐಸ್ ಇಡುವ ಉಪಾಯ ತಗಡಿನ ಮೇಲೆ ನಡೆಯುವುದಿಲ್ಲ. ಒಳಗಿನಿಂದ ಸುತ್ತಿಗೆಯಲ್ಲಿ ಹೊಡೆಯುವುದಂತೂ ಬೇಡವೇ ಬೇಡ, ಕೆಲವು ಕಾರುಗಳ ಬಾಗಿಲೊಳಗೆ ಏರ್‌ಬ್ಯಾಗ್ ಸೆನ್ಸರ್ ಇರುತ್ತದೆ.

ಸುಮ್ನೆ ಬಿಡುವುದೂ ಒಂದು ಆಯ್ಕೆಯೇ. ಬಣ್ಣ ಒಡೆಯದ ನೆಗ್ಗು ತುಕ್ಕು ಹಿಡಿಯಲ್ಲ. ಹತ್ತು ವರ್ಷವಾದರೂ ಹಾಗೇ ಇರುತ್ತದೆ. ಒಂದೆರಡು ವರ್ಷದಲ್ಲಿ ಕಾರು ಮಾರುವ ಯೋಚನೆ ಇದ್ದರೆ ಪೇಂಟಿಂಗ್ ಮಾಡಿಸುವ ಮೊದಲು ಎರಡು ಸಲ ಯೋಚಿಸಿ. ಹಳೆ ಕಾರು ಕೊಳ್ಳುವ ಕಂಪನಿಯವರು ಬಣ್ಣದ ದಪ್ಪ ಅಳೆಯುವ ಮೀಟರ್ ಹಿಡಿದೇ ಬರುತ್ತಾರೆ. ಫ್ಯಾಕ್ಟರಿ ಬಣ್ಣದಲ್ಲಿ ನೂರು ಮೈಕ್ರಾನಿನ ಆಸುಪಾಸು ತೋರಿಸುವ ಮೀಟರ್, ದಪ್ಪ ಪುಟ್ಟಿಯ ಮೇಲೆ ಸಾವಿರ ದಾಟುತ್ತದೆ. "ಆಕ್ಸಿಡೆಂಟ್ ಆಗಿತ್ತಾ?" ಅನ್ನುವ ಪ್ರಶ್ನೆಗೆ ಉತ್ತರ ಕೊಡುತ್ತಾ ಕೂರುವುದಕ್ಕಿಂತ ಒರಿಜಿನಲ್ ಬಣ್ಣದ ಮೇಲೆ ಒಂದು ಸಣ್ಣ ನೆಗ್ಗು ತೋರಿಸಿ ರೇಟು ಮಾತಾಡುವುದು ಸುಲಭ. ತಗಡು ಕಂಡಿರುವ ಗೀರಿಗೆ ಮಾತ್ರ ಈ ಸೋಮಾರಿತನ ಬೇಡ. ಮಳೆಗೆ ಮುಂಚೆ ತುಕ್ಕು ಒರೆಸಿ, ಪ್ರೈಮರ್ ಮುಟ್ಟಿಸಿ, ಟಚ್-ಅಪ್ ಬ್ರಷ್ಷಿನಲ್ಲಿ ಒಂದು ಹನಿ ಬಣ್ಣ ಹಚ್ಚಿಬಿಡಿ. ಚೆನ್ನಾಗಿ ಕಾಣದಿದ್ದರೂ ತಗಡು ಉಳಿಯುತ್ತದೆ.

ಗಾಡಿ ವಾಪಸ್ ತಗೊಳ್ಳುವಾಗ

ಸಂಜೆ ಹೊತ್ತು ಹೋಗಬೇಡಿ. ಗ್ಯಾರೇಜಿನ ಹಳದಿ ಲೈಟಿನಲ್ಲಿ ಎಲ್ಲ ಬಣ್ಣವೂ ಹೊಂದುತ್ತದೆ. ಹಗಲು ಹೊರಗೆ ನಿಲ್ಲಿಸಿ, ಎರಡು ಪ್ಯಾನೆಲ್ ಸೇರುವ ಜಾಗವನ್ನು ಎರಡೂ ಬದಿಯಿಂದ ನೋಡಿ. ಬೀಡಿಂಗ್, ಹ್ಯಾಂಡಲ್, ನಂಬರ್ ಪ್ಲೇಟಿನ ಅಂಚಿಗೆ ಬಣ್ಣ ಬಿದ್ದಿದ್ದರೆ ಅವನ್ನು ಬಿಚ್ಚದೆ ಟೇಪ್ ಅಂಟಿಸಿ ಹೊಡೆದಿದ್ದಾರೆ ಅಂತ ಅರ್ಥ. ಅಲ್ಲೇ ಮುಂದೆ ಬಣ್ಣ ಸಿಪ್ಪೆ ಏಳುವುದು. ಬಾಗಿಲಿನ ಗ್ಲಾಸು ಪೂರ್ತಿ ಇಳಿಸಿ ಏರಿಸಿ. ಟ್ರಿಮ್ಮಿನ ಕ್ಲಿಪ್ ಮುರಿದಿದ್ದರೆ ಹಳ್ಳಕ್ಕೆ ಬಿದ್ದಾಗ ಕಟಕಟ ಸದ್ದು ಬರುತ್ತದೆ, ಆದ್ದರಿಂದ ಒಂದು ಸುತ್ತು ಓಡಿಸಿ ನೋಡಿ. ಬಿಲ್ಲಿನಲ್ಲಿ ಯಾವ ಪ್ಯಾನೆಲ್, ಯಾವ ಪೇಂಟ್, ಎಷ್ಟು ದಿನದ ವಾರಂಟಿ ಅಂತ ಬರೆಸಿಕೊಳ್ಳಿ. ಹೊಸ ಬಣ್ಣಕ್ಕೆ ಒಂದು ತಿಂಗಳು ವ್ಯಾಕ್ಸ್ ಹಾಕಬೇಡಿ. ಪೂರ್ತಿ ಗಟ್ಟಿಯಾಗಲು ಅಷ್ಟು ಸಮಯ ಬೇಕು. "ಟೆಫ್ಲಾನ್ ಕೋಟಿಂಗ್ ಕೂಡ ಈಗಲೇ ಮಾಡಿಬಿಡೋಣವಾ?" ಅಂತ ಕೇಳಿದರೆ ಬೇಡ ಅನ್ನಿ.